ಹಳೆಯ ವ್ಯಾನಿನ ಚಳಿಗಾಲ: ಉಷ್ಣ ವರ್ಗಾವಣೆಗೆ ಒಂದು ಅನ್ವಯ ಪಾಠ

ವಹನ, ಸಂವಹನ, ವಿಕಿರಣ ಇವುಗಳ ವ್ಯಾಖ್ಯೆಯನ್ನು ಮಕ್ಕಳು ಬೇಗ ಒಪ್ಪಿಸುತ್ತಾರೆ. ‘ಇಲ್ಲಿ ಉಷ್ಣ ಎಲ್ಲಿ ಕಳೆದುಹೋಯಿತು?’ ಎಂದು ಕೇಳಿದರೆ ತಡವರಿಸುತ್ತಾರೆ. ಅಭ್ಯಾಸ ಬೋಧನೆಯ ವೀಕ್ಷಣೆಯಲ್ಲಿ ಇದನ್ನು ಮತ್ತೆ ಮತ್ತೆ ಕಂಡ ಮೇಲೆ, ಘಟಕದ ಕೊನೆಯ ಅವಧಿಗೆ ಒಂದೇ ಸಮಸ್ಯೆಯನ್ನು ಇಟ್ಟುಕೊಂಡೆ: ಯೂರೋಪಿನ ಚಳಿಯಲ್ಲಿ ಓಡುವ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಒಳಭಾಗ ಸಾಕಷ್ಟು ಬೆಚ್ಚಗಾಗುವುದಿಲ್ಲ, ಅದನ್ನು ಸುಧಾರಿಸುವುದು ಹೇಗೆ?

ಕಲಿಕಾ ಉದ್ದೇಶಗಳು

1. ಉಷ್ಣ ಸಾಗುವ ದಾರಿಯನ್ನು ಹಂತ ಹಂತವಾಗಿ ಗುರುತಿಸುವುದು.
2. ಪ್ರತಿ ಹಂತದ ನಷ್ಟಕ್ಕೆ ಕಾರಣ ಹೇಳುವುದು.
3. ಪರಿಹಾರಗಳನ್ನು ಸುರಕ್ಷತೆಯ ಕ್ರಮದಲ್ಲಿ ಜೋಡಿಸುವುದು.

ಪೂರ್ವಜ್ಞಾನದ ಜೋಡಣೆ

ನಮ್ಮ ಮಕ್ಕಳು ಈ ವ್ಯಾನನ್ನು ಕಂಡಿರಲಾರರು. ಆದರೆ ಬೈಕಿನ ಎಂಜಿನ್ನಿನ ಮೇಲೆ ಸಾಲಾಗಿರುವ ಲೋಹದ ರೆಕ್ಕೆಗಳನ್ನು ಕಂಡಿದ್ದಾರೆ. ಅವು ಗಾಳಿಗೆ ಹೆಚ್ಚು ಮೇಲ್ಮೈ ಒಡ್ಡಿ ಎಂಜಿನ್ನನ್ನು ತಣಿಸುತ್ತವೆ ಎಂಬಲ್ಲಿಂದ ಪಾಠ ಆರಂಭಿಸಬಹುದು. ನೀರಿನಿಂದ ತಣಿಯುವ ಕಾರಿನಲ್ಲಿ ಎಂಜಿನ್ನಿನ ಬಿಸಿನೀರನ್ನೇ ಡ್ಯಾಶ್‌ಬೋರ್ಡಿನ ಹಿಂದಿನ ಸಣ್ಣ ರೇಡಿಯೇಟರಿಗೆ ಹರಿಸಿ ಒಳಗಿನ ಗಾಳಿಯನ್ನು ಕಾಯಿಸುತ್ತಾರೆ. ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಆ ಬಿಸಿನೀರೇ ಇಲ್ಲ.

ವಿಷಯ ವಿಶ್ಲೇಷಣೆ

ಜರ್ಮನಿಯಲ್ಲಿ 1950ರಲ್ಲಿ ತಯಾರಿಕೆ ಆರಂಭವಾದ ಟೈಪ್ 2 ವ್ಯಾನಿನಲ್ಲಿ ಎಂಜಿನ್ ಹಿಂದಿದೆ, ಚಾಲಕ ಮುಂದಿದ್ದಾನೆ. ಎಂಜಿನ್ ತಿರುಗಿಸುವ ಫ್ಯಾನಿನ ಗಾಳಿ ಬಹುಪಾಲು ಸಿಲಿಂಡರುಗಳ ಮೇಲೆ ಹಾಯುತ್ತದೆ. ಮುಂದಿನ ವರ್ಷಗಳ ಮಾದರಿಗಳಲ್ಲಿ ಒಂದು ಪಾಲು ಎರಡು ಹೋಸ್ ಪೈಪುಗಳ ಮೂಲಕ, ಹೊಗೆ ಕೊಳವೆಯನ್ನು ಸುತ್ತುವರಿದ ಎರಡು ಉಷ್ಣ ವಿನಿಮಯಕಗಳಿಗೆ ಹೋಗುತ್ತದೆ. ಬಿಸಿಯಾದ ಹೊಗೆ ಕೊಳವೆಯ ಒಳಗೆ, ಶುದ್ಧ ಗಾಳಿ ಹೊರಗೆ. ನಡುವೆ ಇರುವುದು ಲೋಹದ ಗೋಡೆ ಮಾತ್ರ. ಬಿಸಿಯಾದ ಗಾಳಿ ಕೇಬಲ್‌ನಿಂದ ತೆರೆಯುವ ಫ್ಲಾಪ್‌ಗಳನ್ನು ದಾಟಿ, ನೆಲದಡಿಯ ಉದ್ದನೆಯ ಕೊಳವೆಯಲ್ಲಿ ಮುಂಭಾಗಕ್ಕೆ ಬರುತ್ತದೆ.

ಇಲ್ಲಿ ತೊಂದರೆಗಳು ಎರಡು. ಫ್ಯಾನಿನ ವೇಗ ಎಂಜಿನ್ನಿನ ವೇಗವನ್ನು ಅವಲಂಬಿಸಿರುವುದರಿಂದ, ಗಾಡಿ ನಿಂತಾಗ ಗಾಳಿಯ ಹರಿವು ಕುಗ್ಗುತ್ತದೆ. ನೆಲದಡಿಯ ಕೊಳವೆ ಹೊರಗಿನ ಚಳಿಗೆ ಒಡ್ಡಿಕೊಂಡಿದೆ.

ಲೆಕ್ಕ

ಕಪ್ಪುಹಲಗೆಯ ಮೇಲೆ ಊಹಿತ ಅಂಕಿಗಳನ್ನು ಬರೆಯಿರಿ. ಹಿಂಭಾಗದಲ್ಲಿ ಗಾಳಿಯ ತಾಪ 60° ಸೆ., ಮುಂಭಾಗಕ್ಕೆ ಬರುವಾಗ 40° ಸೆ. ಒಳಗೆ ನಮಗೆ ಬೇಕಾದದ್ದು 20° ಸೆ. ‘ಎಷ್ಟು ನಷ್ಟ?’ ಎಂದರೆ ಮಕ್ಕಳು ‘ಮೂರನೇ ಒಂದು ಪಾಲು’ ಎನ್ನುವುದು ಸಹಜ. ಆದರೆ ಒಳಭಾಗವನ್ನು 20 ಡಿಗ್ರಿಯಲ್ಲಿ ಉಳಿಸಲು ನೆರವಾಗುವುದು 20ರ ಮೇಲಿನ ಉಷ್ಣ ಮಾತ್ರ. ಹಿಂದೆ ಅದು 40 ಡಿಗ್ರಿ, ಮುಂದೆ 20 ಡಿಗ್ರಿ. ಅದೇ ಪ್ರಮಾಣದ ಗಾಳಿಗೆ ಉಪಯೋಗದ ಅರ್ಧವೇ ಹೋಯಿತು. ಕೊಳವೆಗೆ ಹೊದಿಕೆ ಸುತ್ತುವುದು ಏಕೆ ಮುಖ್ಯ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಚಟುವಟಿಕೆ

ಸುಮಾರು 2 ಮೀಟರ್ ಉದ್ದದ ತಗಡಿನ ಕೊಳವೆ, ಹೇರ್ ಡ್ರೈಯರ್, ಎರಡು ಪ್ರಯೋಗಾಲಯದ ತಾಪಮಾಪಕ, ಹಳೆಯ ಕಂಬಳಿ ಸಾಕು. ಕೊಳವೆಯ ಬಾಯಿ ಡ್ರೈಯರಿನ ಬಾಯಿಗಿಂತ ಅಗಲವಾಗಿರಲಿ. ಗಾಳಿ ಕಟ್ಟಿಕೊಂಡರೆ ಡ್ರೈಯರ್ ಅತಿಯಾಗಿ ಬಿಸಿಯಾಗುತ್ತದೆ. ಕೊಳವೆಯ ಎರಡೂ ತುದಿಗಳ ತಾಪವನ್ನು ಮೊದಲು ಹೊದಿಕೆಯಿಲ್ಲದೆ, ಆಮೇಲೆ ಕಂಬಳಿ ಸುತ್ತಿ ದಾಖಲಿಸಬೇಕು. ಪ್ರತಿ ಸಲವೂ ತಾಪ ಸ್ಥಿರವಾಗುವವರೆಗೆ ಕಾಯಬೇಕು. ಡ್ರೈಯರನ್ನು ಶಿಕ್ಷಕರೇ ನಿರ್ವಹಿಸಬೇಕು. ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಪರಿಹಾರಗಳ ಕ್ರಮ

ಪರಿಹಾರ ಕೇಳಿದೊಡನೆ ಮಕ್ಕಳು ‘ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಬೇಕು’ ಎನ್ನುತ್ತಾರೆ. ಈ ಉತ್ತರವನ್ನು ಹೊಗಳಿ ಮುಂದೆ ಹೋಗಬೇಡಿ, ಅಲ್ಲೇ ನಿಲ್ಲಿ. ವಿನಿಮಯಕದೊಳಗಿನ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿದ್ದರೆ ಹೊಗೆಯೂ ಅದೇ ಗಾಳಿಯೊಡನೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಬಲವಾಗಿ ಅದನ್ನು ಹಿಡಿದುಕೊಳ್ಳುವುದರಿಂದ ಪ್ರಾಣವೇ ಹೋಗಬಹುದು. ಅಂಥ ವ್ಯಾನನ್ನು ಭದ್ರವಾಗಿ ಮುಚ್ಚಿದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಕ್ರಮ ಹೀಗಿರಬೇಕು:

1. ವಿನಿಮಯಕಗಳನ್ನು ಪರೀಕ್ಷಿಸಿ, ತೂತಾಗಿದ್ದರೆ ಬದಲಿಸುವುದು. ಒಳಗೆ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಸಾಧನ ಇಡುವುದು.
2. ಕೇಬಲ್ ಎಳೆದಾಗ ಫ್ಲಾಪ್ ಪೂರ್ತಿ ತೆರೆಯುತ್ತದೆಯೇ ನೋಡುವುದು.
3. ಹರಿದ ಹೋಸ್, ಸಡಿಲ ಜೋಡಣೆಗಳನ್ನು ಸರಿಪಡಿಸುವುದು.
4. ನೆಲದಡಿಯ ಕೊಳವೆಗೆ ನೀರು ಹೀರದ ಉಷ್ಣ ನಿರೋಧಕ ಹೊದಿಕೆ ಸುತ್ತುವುದು.
5. ಬಾಗಿಲುಗಳ ರಬ್ಬರ್ ಬೀಡಿಂಗ್ ಬದಲಿಸಿ, ನೆಲದ ತೂತುಗಳನ್ನು ಮುಚ್ಚುವುದು.
6. ಇಷ್ಟಾದರೂ ಸಾಲದಿದ್ದರೆ ಮಾತ್ರ ಕೊಳವೆಯ ದಾರಿಯಲ್ಲಿ ವಿದ್ಯುತ್ ಫ್ಯಾನ್ ಸೇರಿಸುವುದು.

ಆರನೆಯದನ್ನು ಮೊದಲು ಮಾಡಿದರೆ, ಸೋರುವ ಜಾಗದಲ್ಲಿ ಗಾಳಿ ಇನ್ನಷ್ಟು ಸೋರುತ್ತದೆ. ವಿನಿಮಯಕ ಕೆಟ್ಟಿದ್ದರೆ ಹೊಗೆಯೂ ಹೆಚ್ಚು ಬರಬಹುದು.

ಮೌಲ್ಯಮಾಪನ

- ಗಾಡಿ ವೇಗವಾಗಿ ಓಡುವಾಗ ಒಳಗೆ ಬೆಚ್ಚಗಿದ್ದು ಸಿಗ್ನಲ್‌ನಲ್ಲಿ ತಣ್ಣಗಾದರೆ ಕಾರಣವೇನು?
- ಎರಡೂ ವಿನಿಮಯಕಗಳು ಬಿಸಿಯಾಗಿವೆ, ಒಂದು ಕಡೆಯಿಂದ ಮಾತ್ರ ಬಿಸಿಗಾಳಿ ಬರುತ್ತಿದೆ. ಮೊದಲು ಏನನ್ನು ನೋಡುವಿರಿ?
- ‘ಹೊಗೆಯ ವಾಸನೆ ಇಲ್ಲ, ಆದ್ದರಿಂದ ಅಪಾಯವಿಲ್ಲ.’ ಚರ್ಚಿಸಿ.

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠದಲ್ಲಿ ಅಂಕ ಕೊಡಬೇಕಾದದ್ದು ಪರಿಹಾರಗಳ ಸಂಖ್ಯೆಗಲ್ಲ, ಅವುಗಳ ಕ್ರಮಕ್ಕೆ ಕೊಡುವ ಕಾರಣಕ್ಕೆ. ‘ಇದಕ್ಕಿಂತ ಮೊದಲು ಅದು ಏಕೆ?’ ಎಂಬ ಪ್ರಶ್ನೆಯನ್ನು ಪ್ರತಿ ಗುಂಪಿಗೂ ಕೇಳಿ. ಸಮಯ ಸಾಲದಿದ್ದರೆ ಲೆಕ್ಕವನ್ನು ಮನೆಗೆಲಸಕ್ಕೆ ಬಿಡಬಹುದು. ಕಾರ್ಬನ್ ಮಾನಾಕ್ಸೈಡಿನ ಚರ್ಚೆಯನ್ನು ಬಿಡಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗುವ ಮನೆಗಳಿಗೂ ಆ ಮಾತು ಅಷ್ಟೇ ಸಲ್ಲುತ್ತದೆ.