ತಂತಿಯ ಕಂಪನ, ಸುರುಳಿಯ ನಾದ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಲೇಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದಾಗ, ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರು ಇರುವುದರಿಂದ ನಾನೊಂದು ಪಾಠವನ್ನೇ ಬರೆದುಕೊಡುವೆನೆಂದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಕನ್ನಡದಲ್ಲಿಯೇ ವಿಜ್ಞಾನವನ್ನು ಬೋಧಿಸಿ ನಿವೃತ್ತನಾದವನಿಗೆ ಬೇರೇನು ಗೊತ್ತು? ವಿಷಯ ಮಾತ್ರ ಹಿರಿಯರಿಗೆ ವಿಚಿತ್ರವೆನಿಸಬಹುದು. ಅದು ವಿದ್ಯುತ್ ಗಿಟಾರಿನ ಪಿಕಪ್ಪು.

ಕಾರಣವಿದೆ. ನಮ್ಮ ಶಾಲೆಯಲ್ಲಿ ಓದಿದ ತರುಣನೊಬ್ಬ ಈಗ ಕಾಸರಗೋಡಿನ ಸುತ್ತಮುತ್ತಲ ಉತ್ಸವಗಳಲ್ಲಿ ಗಾನಮೇಳದ ತಂಡದೊಡನೆ ಗಿಟಾರ್ ನುಡಿಸುತ್ತಾನೆ. ಹಿಂದಿನ ಕಾಲದ ರೀತಿಯಲ್ಲಿ ಸುತ್ತಿದ, 'ವಿಂಟೇಜ್' ಎಂದು ಹೆಸರಿಟ್ಟ ಪಿಕಪ್ಪುಗಳನ್ನು ತರಿಸಿಕೊಳ್ಳಬೇಕೆಂಬುದು ಅವನ ಆಸೆ. ಅದರ ಬೆಲೆಯೋ ಅವನ ಎರಡು ತಿಂಗಳ ಸಂಪಾದನೆ. "ಮಾಸ್ಟ್ರೇ, ಇದರಲ್ಲಿ ನಿಜ ಎಷ್ಟು, ಕತೆ ಎಷ್ಟು?" ಎಂದು ಕೇಳಿದ. ಇಂತಹ ವಿಷಯವನ್ನು ಕನ್ನಡದಲ್ಲಿ ವಿವರಿಸಲಾಗದು ಎಂಬ ಮಾತನ್ನು ಈ ಗಡಿನಾಡಿನಲ್ಲಿ ನಾನು ಬಹಳ ಸಲ ಕೇಳಿದ್ದೇನೆ. ಅದಕ್ಕೆ ವಾದ ಹೂಡುವುದಕ್ಕಿಂತ ವಿವರಿಸಿಬಿಡುವುದೇ ಲೇಸು.

ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಪ್ರಯೋಗಶಾಲೆಯ ತಾಮ್ರದ ಸುರುಳಿ, ದಂಡಕಾಂತ, ಗ್ಯಾಲ್ವನೋಮೀಟರುಗಳ ನೆನಪಿರಬಹುದು. ಕಾಂತವನ್ನು ಸುರುಳಿಯೊಳಗೆ ಸುಮ್ಮನೆ ಇಟ್ಟರೆ ಮುಳ್ಳು ಕದಲದು. ಒಳಕ್ಕೆ ಹೊರಕ್ಕೆ ಆಡಿಸಿದರೆ ಮಾತ್ರ ಕದಲುವುದು. ವೇಗವಾಗಿ ಆಡಿಸಿದಷ್ಟೂ ಹೆಚ್ಚು ಕದಲುವುದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಪಿಕಪ್ಪಿನಲ್ಲಿ ಇದಕ್ಕಿಂತ ಹೆಚ್ಚಿನ ತತ್ತ್ವವೇನೂ ಇಲ್ಲ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಕಾಂತವೂ ಸುರುಳಿಯೂ ಅಲುಗಾಡದೆ ಕುಳಿತಿರುತ್ತವೆ. ಅಲುಗುವುದು ಮೇಲಿರುವ ಉಕ್ಕಿನ ತಂತಿ. ಕೆಳಗಿನ ಕಾಂತದ ಪ್ರಭಾವದಿಂದ ತಂತಿಯ ಆ ಭಾಗವೂ ಕಾಂತವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಬಲರೇಖೆಗಳು ಹೆಚ್ಚು ಕಡಿಮೆಯಾಗಿ, ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ.

ಆದುದರಿಂದ ಪಿಕಪ್ಪಿಗೆ ಗಾಳಿಯ ಸದ್ದು ಕೇಳುವುದಿಲ್ಲ. ಮೈಕಿನ ಕೆಲಸವೇ ಬೇರೆ, ಇದರ ಕೆಲಸವೇ ಬೇರೆ. ತನ್ನ ನೇರಕ್ಕಿರುವ ಬಿಂದುವಿನಲ್ಲಿ ತಂತಿ ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದಷ್ಟೇ ಇದಕ್ಕೆ ತಿಳಿಯುವುದು. ನೈಲಾನ್ ತಂತಿಯ ಕೆಳಗೆ ಇದು ಕಿವುಡು. ವೀಣೆಗೆ ಇಂತಹ ಪಿಕಪ್ಪನ್ನು ಕಟ್ಟಿದರೂ ಉಕ್ಕಿನ ತಂತಿಗಳು ಸ್ಪಷ್ಟವಾಗಿ ನುಡಿಯುತ್ತವೆ. ಅಪ್ಪಟ ಕಂಚಿನ ಅಥವಾ ಹಿತ್ತಾಳೆಯ ತಂತಿಯಿದ್ದರೆ ಅದು ಮೂಕವಾಗುತ್ತದೆ, ಏಕೆಂದರೆ ಆ ಲೋಹಗಳಿಗೆ ಕಾಂತದ ನಂಟಿಲ್ಲ.

ಈ ಉಪಾಯವನ್ನು ಗಿಟಾರಿಗೆ ಸಮರ್ಪಕವಾಗಿ ಹೊಂದಿಸಿದವರು ಅಮೆರಿಕದ ಜಾರ್ಜ್ ಬೋಚಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್. ಆಗ ಹವಾಯಿಯನ್ ಗಿಟಾರ್ ಬಹಳ ಜನಪ್ರಿಯವಾಗಿದ್ದಿತು. ಆದರೆ ವಾದ್ಯವೃಂದದ ಕಹಳೆಗಳ ನಡುವೆ ಅದರ ದನಿ ಅಡಗಿಹೋಗುತ್ತಿತ್ತು. 1931ರಲ್ಲಿ ಮರದಲ್ಲಿ ಮಾದರಿ ಮಾಡಿ, 1932ರಲ್ಲಿ ಅಲ್ಯೂಮಿನಿಯಮ್ ಎರಕದಲ್ಲಿ ಮಾರಾಟಕ್ಕಿಟ್ಟ ಆ ವಾದ್ಯದ ಆಕಾರವನ್ನು ನೋಡಿ ಜನರು ಅದನ್ನು 'ಬಾಣಲೆ' ಎಂದೇ ಕರೆದರು. ತಂತಿಗಳನ್ನು ಆವರಿಸಿದ ಎರಡು ಲಾಳಾಕಾರದ ಕಾಂತಗಳು ಅದರ ಪಿಕಪ್ಪು. 1934ರಲ್ಲಿ ಅರ್ಜಿ ಸಲ್ಲಿಸಿದ ಪೇಟೆಂಟ್ 1937ರಲ್ಲಿ ಕೈಸೇರಿತು. 'ಎಲೆಕ್ಟ್ರಿಕ್ ಎಂದರೆ ಗದ್ದಲ' ಎನ್ನುವ ನನ್ನ ವಯಸ್ಸಿನವರಿಗೆ ಒಂದು ಮಾತು: ದೇವಸ್ಥಾನದ ಕಚೇರಿಗಳಲ್ಲಿ ನಾವೆಲ್ಲ ತಲೆದೂಗಿದ ಯು. ಶ್ರೀನಿವಾಸರ ಮ್ಯಾಂಡೊಲಿನ್ ಕೂಡ ವಿದ್ಯುತ್ ವಾದ್ಯವೇ.

ಇನ್ನು ನಾದಗುಣದ ವಿಚಾರ. ಇಂದು 'ವಿಂಟೇಜ್' ಎಂದು ಅನುಕರಿಸಲ್ಪಡುವುದು ಮುಖ್ಯವಾಗಿ 1950ರ ದಶಕದ ಎರಡು ಮಾದರಿಗಳು. ಮೊದಲನೆಯದು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅವರ ಒಂಟಿ ಸುರುಳಿಯ ಪಿಕಪ್ಪು. 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಇಂತಹವು ಮೂರು ಇದ್ದುವು. ಒಂದೊಂದರಲ್ಲಿಯೂ ತಂತಿಗೊಂದರಂತೆ ಆರು ಕಾಂತದ ಕಡ್ಡಿಗಳು. ಅವುಗಳ ಸುತ್ತ 0.063 ಮಿಲಿಮೀಟರ್ ದಪ್ಪದ ತಾಮ್ರದ ಎಳೆಯ ಸುಮಾರು 8,000 ಸುತ್ತುಗಳು. ಕೂದಲಿನಂತಹ ಎಳೆ. ಕಾಂತದ ಲೋಹ ಆಲ್ನಿಕೋ: ಕಬ್ಬಿಣದೊಡನೆ ಅಲ್ಯೂಮಿನಿಯಮ್, ನಿಕ್ಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ. ಹಳೆಯ ರೇಡಿಯೋಗಳ ಧ್ವನಿವರ್ಧಕದಲ್ಲಿ ಇದ್ದುದೂ ಅದೇ.

ಇಂತಹ ಸುರುಳಿ ಎಲ್ಲ ಸ್ವರಗಳನ್ನೂ ಸಮಾನವಾಗಿ ಒಯ್ಯುವುದಿಲ್ಲ. ಸುರುಳಿಗೆ ಪ್ರೇರಕತ್ವವಿದೆ, ಪಕ್ಕಪಕ್ಕದ ಸುತ್ತುಗಳ ನಡುವೆಯೂ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿನಲ್ಲಿಯೂ ಧಾರಕತೆಯಿದೆ. ಇವೆರಡೂ ಸೇರಿದಲ್ಲಿ ಅನುರಣನ ಉಂಟಾಗುತ್ತದೆ. ಉಯ್ಯಾಲೆಗೆ ಒಂದು ಸ್ವಂತ ಗತಿಯಿದ್ದು, ಅದಕ್ಕೆ ಹೊಂದಿ ತಳ್ಳಿದರೆ ಸಲೀಸಾಗಿ ಏರುವುದಷ್ಟೆ? ಹಾಗೆಯೇ ಪಿಕಪ್ಪಿಗೂ ಒಂದು ಪ್ರಿಯವಾದ ಕಂಪನಸಂಖ್ಯೆ. ಅದರ ಸುತ್ತಲಿನ ಸ್ವರಗಳನ್ನು ಅದು ಎತ್ತಿಹಿಡಿಯುತ್ತದೆ. ಅದಕ್ಕಿಂತ ಮೇಲಿನವನ್ನು ಕೈಬಿಡುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಒಂಟಿ ಸುರುಳಿಯ ಪ್ರೇರಕತ್ವ 2.4 ಹೆನ್ರಿ, ಸುರುಳಿಯ ಸ್ವಂತ ಧಾರಕತೆ 100 ಪೀಕೋಫ್ಯಾರಡ್, ಐದು ಮೀಟರ್ ಕೇಬಲ್ಲಿನದು 500 ಎಂದಿಟ್ಟುಕೊಂಡರೆ ಅನುರಣನ ಸೆಕೆಂಡಿಗೆ ಸುಮಾರು 4,200 ಕಂಪನಗಳಲ್ಲಿ ಬೀಳುತ್ತದೆ. ಗಿಟಾರಿನ ಅತಿ ಮಂದ್ರ ತಂತಿಯದು 82 ಕಂಪನ. ಸ್ಟ್ರಾಟೊಕಾಸ್ಟರಿನ ಕೊನೆಯ ಮೆಟ್ಟಿಲಿನ ಅತಿ ತಾರಸ್ವರವೂ ಸುಮಾರು 1,100 ಮಾತ್ರ. ಅಂದಮೇಲೆ ಪಿಕಪ್ಪು ಎತ್ತಿಹಿಡಿಯುವುದು ಯಾವ ಮೂಲಸ್ವರವನ್ನೂ ಅಲ್ಲ, ಮೂಲಸ್ವರದ ಬೆನ್ನಿಗೆ ಬರುವ ಉಪಸ್ವರಗಳನ್ನು. ಶ್ರುತಿ ಬದಲಾಗದೆ ಬಣ್ಣ ಮಾತ್ರ ಬದಲಾಗುವುದು ಇದರಿಂದಲೇ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದೂ 2,000ದಿಂದ 5,000 ಕಂಪನಗಳ ಆಸುಪಾಸಿನಲ್ಲಿ; ಆದಕಾರಣ ಈ ಶಿಖರ ತುಸು ಆಚೀಚೆಯಾದರೂ ಕೇಳುವವನಿಗೆ ಗೊತ್ತಾಗುತ್ತದೆ.

ಹೆಚ್ಚು ಸುತ್ತು ಹಾಕಿದರೆ ಹೆಚ್ಚು ಒಳ್ಳೆಯದೆಂದು ಭಾವಿಸುವವರಿದ್ದಾರೆ. ಸುತ್ತು ಹೆಚ್ಚಿದರೆ ವಿದ್ಯುತ್ತು ಹೆಚ್ಚುವುದು ನಿಜ. ಆದರೆ ಪ್ರೇರಕತ್ವ ಸುತ್ತುಗಳ ವರ್ಗದಂತೆ ಏರುತ್ತದೆ. ನೂರಕ್ಕೆ ಹತ್ತು ಸುತ್ತು ಹೆಚ್ಚಿಸಿದರೆ ಪ್ರೇರಕತ್ವ ನೂರಕ್ಕೆ ಇಪ್ಪತ್ತೊಂದರಷ್ಟು ಏರಿ, ಶಿಖರ 4,200ರಿಂದ ಸುಮಾರು 3,800ಕ್ಕೆ ಇಳಿಯುತ್ತದೆ. ದನಿ ದಪ್ಪವಾಗುತ್ತದೆ, ಹೊಳಪು ಕುಂದುತ್ತದೆ. ಐವತ್ತರ ದಶಕದ ಪಿಕಪ್ಪುಗಳ ಸುತ್ತುಗಳು ಮಿತವಾಗಿದ್ದುವು. ಅವುಗಳ ತಿಳಿದನಿಗೆ ಬಹುಪಾಲು ಕಾರಣ ಇಷ್ಟೇ.

ಒಂಟಿ ಸುರುಳಿಗೆ ಒಂದು ದೋಷವಿತ್ತು. ಅದು ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಕಾರವನ್ನೂ ಹೀರಿಕೊಳ್ಳುತ್ತದೆ. ಮಿಚಿಗನ್ ರಾಜ್ಯದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬ ತಂತ್ರಜ್ಞರು 1955ರಲ್ಲಿ ಇದಕ್ಕೆ ಪರಿಹಾರವಾಗಿ 'ಹಂಬಕರ್' ಎಂಬ ಜೋಡಿ ಸುರುಳಿಯ ಪಿಕಪ್ಪಿಗೆ ಪೇಟೆಂಟ್ ಕೋರಿದರು. ಎರಡನೆಯ ಸುರುಳಿಯನ್ನು ಅವರು ವಿರುದ್ಧವಾಗಿ ಜೋಡಿಸಿದರು. ಗುಂಯ್‌ಕಾರ ಎರಡರಲ್ಲಿಯೂ ಸಮವಾಗಿ ಹುಟ್ಟುವುದರಿಂದ ಒಂದನ್ನೊಂದು ಕಳೆದುಕೊಳ್ಳುತ್ತದೆ. ಹಾಗಾದರೆ ತಂತಿಯ ನಾದವೂ ಕಳೆದುಹೋಗಬೇಡವೇ? ಇಲ್ಲ, ಆ ಸುರುಳಿಯ ಕಾಂತಧ್ರುವವನ್ನೂ ಅವರು ತಿರುಗಿಸಿದ್ದರು. 'ಬಾರದೆ ಇರಲಾರನು' ಎಂದರೆ ಬಂದೇ ಬರುವನೆಂದು ವ್ಯಾಕರಣದ ತರಗತಿಯಲ್ಲಿ ಕಲಿತಿಲ್ಲವೇ? ಎರಡು ನಿಷೇಧಗಳು ಸೇರಿ ನಾದ ಇಮ್ಮಡಿಯಾಯಿತು. ಎರಡು ಸುರುಳಿಗಳಿಂದ ಪ್ರೇರಕತ್ವವೂ ಏರಿ ನಾಲ್ಕೂವರೆ ಹೆನ್ರಿಯ ಸಮೀಪಕ್ಕೆ ಬಂದು, ಅದೇ ಕೇಬಲ್ಲಿನೊಡನೆ ಶಿಖರ 3,000ದ ಹತ್ತಿರಕ್ಕೆ ಇಳಿಯಿತು. ಹಂಬಕರ್ ದನಿ ತುಂಬಿಕೊಂಡಂತೆ, ಒಂಟಿ ಸುರುಳಿಯ ದನಿ ತೆಳುವಾಗಿ ಹೊಳೆದಂತೆ ಕೇಳುವುದು ಇದರಿಂದ.

1957ರಿಂದ ಗಿಟಾರುಗಳಲ್ಲಿ ಬಂದ ಈ ಹಂಬಕರುಗಳ ತಳದಲ್ಲಿ 'ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ' ಎಂಬ ಅರ್ಥದ ಚೀಟಿಯಿರುತ್ತಿತ್ತು. ಪೇಟೆಂಟ್ 1959ರಲ್ಲಿಯೇ ಸಿಕ್ಕರೂ ಚೀಟಿ 1962ರವರೆಗೂ ಮುಂದುವರಿಯಿತು. ಅನಂತರ ಪೇಟೆಂಟ್ ಸಂಖ್ಯೆಯನ್ನು ಮುದ್ರಿಸಿದರು. ತಮಾಷೆಯೆಂದರೆ ಅದು ಪಿಕಪ್ಪಿನ ಸಂಖ್ಯೆಯೇ ಅಲ್ಲ, ತಂತಿಗಳನ್ನು ಬಿಗಿಯುವ ಬೇರೊಂದು ಭಾಗದ್ದು! 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಜಾನ್ ಮೇಯಲ್ ಅವರ ತಂಡದೊಡನೆ ಮಾಡಿದ ಧ್ವನಿಮುದ್ರಿಕೆಯಲ್ಲಿ ಲೆಸ್ ಪಾಲ್ ಗಿಟಾರಿನ ಹಂಬಕರ್ ನುಡಿದ ಮೇಲೆ, ಆಗ ತಯಾರಿಕೆ ನಿಂತಿದ್ದ ಆ ಗಿಟಾರುಗಳಿಗೆ ಜನರು ಮುಗಿಬಿದ್ದರು. ಚೀಟಿಯಿದ್ದ ಪಿಕಪ್ಪುಗಳಿಗೆ ದೇವರ ಪ್ರಸಾದದ ಬೆಲೆ ಬಂದಿತು.

ಆ ಹಳೆಯ ಹಂಬಕರುಗಳನ್ನು ಅಳೆದು ನೋಡಿದರೆ ಒಂದರಂತೆ ಇನ್ನೊಂದಿಲ್ಲ. ರೋಧ ಒಂದರಲ್ಲಿ ಏಳು ಸಾವಿರ ಓಮ್ ಇದ್ದರೆ ಮತ್ತೊಂದರಲ್ಲಿ ಒಂಬತ್ತು ಸಾವಿರದ ಹತ್ತಿರ. ಒಂದೇ ಪಿಕಪ್ಪಿನ ಎರಡು ಸುರುಳಿಗಳಲ್ಲಿಯೂ ಸುತ್ತುಗಳು ಸಮವಿಲ್ಲ. ಆ ಅಸಮತೆಯಿಂದ ಗುಂಯ್‌ಕಾರ ತುಸು ಉಳಿದರೂ ದನಿಗೆ ಸ್ವಲ್ಪ ಹರಿತ ಬರುತ್ತಿತ್ತು. ಕಾಂತಗಳೂ ಆಲ್ನಿಕೋದ ಬೇರೆಬೇರೆ ದರ್ಜೆಯವು. ಹಾಗಿರುವಾಗ 'ಐವತ್ತರ ದಶಕದ ದನಿ' ಎಂಬ ಒಂದೇ ದನಿ ಎಲ್ಲಿಂದ ಬಂತು? ಒಳ್ಳೆಯವೂ ಇದ್ದುವು, ಸಾಧಾರಣವಾದುವೂ ಇದ್ದುವು. ಹೆಸರು ಉಳಿದದ್ದು ಒಳ್ಳೆಯವುಗಳದು.

ಫೆಂಡರ್ ಕಾರ್ಖಾನೆಯಲ್ಲಿ ಎಳೆಯನ್ನು ಕೈಬೆರಳಿನಿಂದ ನಡೆಸುತ್ತ ಸುತ್ತುತ್ತಿದ್ದರು. 1956ರಲ್ಲಿ ಅಲ್ಲಿ ಸೇರಿ 2013ರಲ್ಲಿ ನಿವೃತ್ತರಾದ ಆಬಿಗೇಲ್ ಇಬಾರಾ ಎಂಬ ಮಹಿಳೆಯ ಕೈಯ ಸುರುಳಿಗಳನ್ನು ಗಿಟಾರ್ ವಾದಕರು ಹುಡುಕಿಕೊಂಡು ಹೋಗುತ್ತಾರೆ. ಆಕೆಯ ಶ್ರದ್ಧೆಗೆ ನನ್ನ ನಮಸ್ಕಾರ. ಆದರೂ ಲೆಕ್ಕ ಲೆಕ್ಕವೇ. ಕೈಯಿಂದ ಸುತ್ತಿದ ಎಳೆ ಸಡಿಲವಾಗಿ ಚದುರುವುದರಿಂದ ಸುರುಳಿಯ ಧಾರಕತೆ ತುಸು ಕಡಿಮೆಯಾಗುತ್ತದೆ. 30 ಪೀಕೋಫ್ಯಾರಡ್ ಕಡಿಮೆಯಾಯಿತೆಂದೇ ಇಟ್ಟುಕೊಳ್ಳೋಣ. ಶಿಖರ ಏರುವುದು ನೂರು ಕಂಪನಗಳಷ್ಟು. ಅದೇ ಐದು ಮೀಟರ್ ಕೇಬಲ್ಲನ್ನು ಮೂರು ಮೀಟರಿಗೆ ಇಳಿಸಿದರೆ ಶಿಖರ 5,100ಕ್ಕೆ ಏರುತ್ತದೆ! ನಮ್ಮ ತರುಣನಿಗೆ ನಾನು ಹೇಳಿದ ಉತ್ತರವೂ ಇದೇ: ಸುತ್ತುಗಳ ಸಂಖ್ಯೆ, ಎಳೆಯ ದಪ್ಪ, ಕಾಂತದ ದರ್ಜೆ, ಹೊದಿಕೆಯ ಲೋಹ ಇವೆಲ್ಲ ನಿಜ, ಅಳೆದು ಇಂದಿಗೂ ಮಾಡಬಹುದಾದವು. ವಯಸ್ಸಿನಿಂದ ಬಂದ ಮಾಂತ್ರಿಕತೆಗೆ ಮಾತ್ರ ಹಣ ಕೊಡಬೇಡ. ಆಲ್ನಿಕೋ ಕಾಂತ ತನ್ನಷ್ಟಕ್ಕೆ ಬಿಟ್ಟರೆ ದಶಕಗಳಲ್ಲಿಯೂ ಹೆಚ್ಚೇನೂ ಸೊರಗುವುದಿಲ್ಲ. ಬೇರೊಂದು ಬಲವಾದ ಕಾಂತದ ಹತ್ತಿರ ಇಟ್ಟರೆ ಒಂದೇ ದಿನದಲ್ಲಿ ಸೊರಗಬಹುದು.

ಅನುಕರಣೆಯ ಒಂದು ವಿನೋದವನ್ನೂ ಹೇಳಬೇಕು. 1954ರಲ್ಲಿ ಮೂರನೆಯ ತಂತಿಯ ಮೇಲೆ ತೆಳು ಎಳೆಯ ಸುತ್ತಿರುತ್ತಿತ್ತು; ಅಂತಹ ತಂತಿಯ ಒಳಗಿನ ಉಕ್ಕು ಸಣ್ಣದು, ದನಿ ಮೆಲ್ಲಗೆ. ಅದಕ್ಕಾಗಿ ಅದರ ಕೆಳಗಿನ ಕಾಂತದ ಕಡ್ಡಿಯನ್ನು ಎತ್ತರಿಸಿದ್ದರು. ಈಗ ಹೆಚ್ಚಿನವರು ಅಲ್ಲಿ ಸುತ್ತಿಲ್ಲದ ಬರಿಯ ಉಕ್ಕಿನ ತಂತಿಯನ್ನು ಹಾಕುತ್ತಾರೆ. ಆದರೂ ವಿಂಟೇಜ್ ಮಾದರಿಯಲ್ಲಿ ಕಡ್ಡಿ ಹಾಗೆಯೇ ಎತ್ತರ. ಮೂರನೆಯ ತಂತಿ ಉಳಿದವುಗಳಿಗಿಂತ ಜೋರು. ಕಾರಣ ಹೋದ ಮೇಲೂ ಉಳಿದ ಸಂಪ್ರದಾಯ! ಎಡಗೈಯ ಜಿಮಿ ಹೆಂಡ್ರಿಕ್ಸ್ ಬಲಗೈಯ ಗಿಟಾರನ್ನೇ ತಿರುಗಿಸಿ ನುಡಿಸಿದುದರಿಂದ ಈ ಎತ್ತರ ತಗ್ಗುಗಳೆಲ್ಲ ಬೇರೆ ತಂತಿಗಳ ಕೆಳಗೆ ಬಂದುವು. ಅವನ ನಾದಕ್ಕೆ ಅದೂ ಸೇರಿದೆ.

ಪಿಕಪ್ಪು ಯಾವ ಸ್ಥಳದಲ್ಲಿದೆ ಎಂಬುದು ಎಲ್ಲಕ್ಕಿಂತ ಬಲವಾದ ಅಂಶವೆಂದು ನನ್ನ ಅಭಿಪ್ರಾಯ. ಕುದುರೆಯ ಸಮೀಪದಲ್ಲಿ ತಂತಿಯ ಆಟ ಕಿರಿದು. ಮೂಲಸ್ವರ ಕ್ಷೀಣಿಸಿ ಉಪಸ್ವರಗಳು ಮುಂದೆ ಬರುತ್ತವೆ, ದನಿ ಚೂಪು. ಸ್ಟ್ರಾಟೊಕಾಸ್ಟರಿನ ಕತ್ತಿನ ಕಡೆಯ ಪಿಕಪ್ಪು ಕುದುರೆಯಿಂದ ತಂತಿಯ ಉದ್ದದ ಕಾಲುಭಾಗದ ಸುಮಾರಿಗಿದೆ. ಬಿಡಿತಂತಿಯ ನಾಲ್ಕನೆಯ ಉಪಸ್ವರಕ್ಕೆ ಅಲ್ಲಿ ಚಲನೆಯೇ ಇಲ್ಲ; ಆದುದರಿಂದ ಅದು ಪಿಕಪ್ಪಿಗೆ ಕೇಳಿಸುವುದೂ ಇಲ್ಲ. ಯಾವ ಕಾಂತವನ್ನು ಹಾಕಿದರೂ ಈ ಲೋಪವನ್ನು ತುಂಬಲಾಗದು.

ಕೊನೆಯದಾಗಿ ಎತ್ತರ. ಪಿಕಪ್ಪನ್ನು ತಂತಿಗೆ ಹತ್ತಿರ ತಂದರೆ ದನಿ ಜೋರಾಗುತ್ತದೆ. ತೀರಾ ಹತ್ತಿರವಾದರೆ ಕಾಂತವು ತಂತಿಯನ್ನೇ ಎಳೆದು ಶ್ರುತಿಯನ್ನು ಕೆಡಿಸುತ್ತದೆ. ದಪ್ಪ ತಂತಿಯನ್ನು ಮೇಲಿನ ಮೆಟ್ಟಿಲುಗಳಲ್ಲಿ ಒತ್ತಿ ಮೀಟಿದಾಗ ಒಂದೇ ಸ್ವರ ಎರಡಾಗಿ ಒಡೆದು ಅಲೆಅಲೆಯಾಗಿ ಕೇಳಿದರೆ ಅದೇ ಲಕ್ಷಣ. ವಿಂಟೇಜ್ ಮಾದರಿಯ ಒಂಟಿ ಸುರುಳಿಗೆ ತಯಾರಕರು ಸೂಚಿಸುವ ಅಂತರ, ತಂತಿಯನ್ನು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ, ಮಂದ್ರದ ಕಡೆ 2.4 ಮಿಲಿಮೀಟರ್, ತಾರದ ಕಡೆ 2. ಹೊಸ ಪಿಕಪ್ಪಿಗೆ ಹಣ ಕಳುಹಿಸುವ ಮೊದಲು ಇದ್ದುದರ ತಿರುಪನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸುತ್ತ, ಪ್ರತಿ ಸಲವೂ ಅದೇ ಸ್ವರವನ್ನು ಮೀಟಿ ಕೇಳಬೇಕು. ಅಲೆಯಾಟ ನಿಂತಲ್ಲಿ ತಿರುಪನ್ನು ನಿಲ್ಲಿಸಬೇಕು.