ಮಾತು ಹೋದರೆ ಮನಸ್ಸೂ ಹೋಯಿತೇ?



ಇಂದಿನ ಚಿಂತನೆ: ಪಂಚಸ್ಕಂಧಗಳಲ್ಲಿ ಸಞ್ಞಾ, ಅಂದರೆ ಗುರುತು ಹಿಡಿಯುವುದು.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ಸಾಮ್ರಾಟರ ಶಾಸನವಿದೆ. ಬ್ರಾಹ್ಮಿ ಅಕ್ಷರದ ಗೀರುಗಳೆಲ್ಲ ನಮಗೆ ಕಾಣುತ್ತವೆ, ಓದಲು ಮಾತ್ರ ಬರುವುದಿಲ್ಲ. ಕಾಣುವುದೇ ಬೇರೆ, ಗುರುತಿಸುವುದೇ ಬೇರೆ. ನಾವು ಬ್ರಾಹ್ಮಿ ಕಲಿತಿಲ್ಲ, ಸರಿ. ಆದರೆ ಚೆನ್ನಾಗಿ ಓದು ಬರಹ ಬಲ್ಲವರಿಗೂ ಮಿದುಳಿಗೆ ಪೆಟ್ಟಾದಾಗ ಕೆಲವೊಮ್ಮೆ ಹೀಗಾಗುತ್ತದೆ. ಈಗಷ್ಟೇ ತಾವೇ ಬರೆದ ಚೀಟಿಯನ್ನು ಓದಲಾರರು! ಕೈ ಸರಿಯಿದೆ, ಕಣ್ಣೂ ಸರಿಯಿದೆ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ಇಂಥ ಒಬ್ಬರ ಬಗ್ಗೆ ಪ್ರತಿಭಾ ಕಾರಂತ ಅವರು 1981ರಲ್ಲಿ ಬರೆದಿದ್ದಾರೆ.

ಮಾತಿನದೂ ಹೀಗೆಯೇ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ನೋಡಿದ ರೋಗಿಗೆ ‘ತಾನ್’ ಎಂಬುದನ್ನು ಬಿಟ್ಟರೆ ಮಾತೇ ಇರಲಿಲ್ಲ, ಕೇಳಿದ್ದು ಮಾತ್ರ ಬಹಳಷ್ಟು ತಿಳಿಯುತ್ತಿತ್ತು. 1874ರಲ್ಲಿ ವೆರ್ನಿಕೆ ಇದಕ್ಕೆ ವಿರುದ್ಧವಾದುದನ್ನು ವಿವರಿಸಿದರು: ಮಾತು ಸರಾಗ, ಅರ್ಥವಿಲ್ಲ.

ಬುದ್ಧರು ಮಿದುಳಿನ ಶಾಸ್ತ್ರ ಹೇಳಿದ್ದರು ಎಂದು ಯಾರೂ ಫಾರ್ವರ್ಡ್ ಮಾಡಬೇಡಿ. ನನ್ನ ಪ್ರಶ್ನೆ ಇಷ್ಟೇ: ಒಳಗೆ ಕೂತು ನೋಡುವ, ತಿಳಿಯುವ, ಮಾತಾಡುವ ಒಂದೇ ಆತ್ಮ ಇದ್ದಿದ್ದರೆ, ಒಂದು ಹೋಗಿ ಇನ್ನೊಂದು ಉಳಿಯುವುದು ಹೇಗೆ?

ಯಲಬುರ್ಗಾ ಕಡೆಯ ನಮ್ಮ ಹಿರಿಯ ಉಪಾಸಕರೊಬ್ಬರಿಗೆ ಲಕ್ವಾ ಹೊಡೆದಿದೆ. ‘ನೀರು’ ಎನ್ನಲು ಬರುವುದಿಲ್ಲ, ತಂಬಿಗೆ ತೋರಿಸುತ್ತಾರೆ. ವಂದನೆ ಶುರುವಾದರೆ ತ್ರಿಸರಣ ಪೂರ್ತಿ ಹೇಳುತ್ತಾರೆ. ಪವಾಡವಲ್ಲ, ಬಾಯಿಪಾಠವಾದ ಸಾಲು, ಎಣಿಕೆ, ಹಾಡು ಇಂಥವರಲ್ಲಿ ಎಷ್ಟೋ ಸಲ ಉಳಿದಿರುತ್ತವೆ. ಹಿಂದಿನ ಜನ್ಮದ ಕರ್ಮವೂ ಅಲ್ಲ. ಆ ವಾದವನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ತಳ್ಳಿಹಾಕಿದ್ದಾರೆ.

ಈಗ ಆ ಮನೆಯಲ್ಲಿ ಹೊಲ ಹಂಚುವ ಮಾತು ನಡೆದಿದೆ. ‘ಮುತ್ಯಾಗ ಏನೂ ತಿಳಿಯಂಗಿಲ್ಲ’ ಎಂದು ಅವರೆದುರೇ ಅನ್ನುತ್ತಾರೆ. ಅವರು ಕೇಳಿಸಿಕೊಂಡು ಕಣ್ಣೀರು ಹಾಕುತ್ತಾರೆ. ತಿಳಿಯುವುದಿಲ್ಲ ಎಂದು ಪರೀಕ್ಷಿಸಿದವರು ಯಾರು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರೀಕ್ಷೆ, ತರಬೇತಿ ಎರಡೂ ಇವೆ. ಅಲ್ಲಿಯವರೆಗೆ ಸಣ್ಣ ಸಣ್ಣ ವಾಕ್ಯದಲ್ಲಿ ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೌದು, ಅಲ್ಲ ಎಂದು ತಲೆ ಆಡಿಸಲು ಬಿಡಿ. ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ, ಏಕೆಂದರೆ ಹೌದು-ಅಲ್ಲ ಅದಲುಬದಲಾಗುವುದುಂಟು. ಮತ್ತು ಅವರು ಪದ ಹುಡುಕುವಾಗ ನಾವು ತುಂಬಿಕೊಡಲು ಅವಸರ ಮಾಡದೆ ಕಾಯೋಣ.

ಜೈಭೀಮ್.