ಅಂತರ್ಜಾಲವಿಲ್ಲದ ಊರಿನಲ್ಲಿ ಟ್ಯಾಬ್‌ನಿಂದ ಬಿಲ್ ಮುದ್ರಣ: ಲೈನ್ ಮಾರಾಟ ಮಾಡುವವರಿಗೊಂದು ಪಾಠ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಗಟು ವರ್ತಕರು ಮತ್ತು ಸಣ್ಣ ಉತ್ಪಾದಕರ ವ್ಯವಹಾರವೆಲ್ಲವೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೇ ನಡೆಯುವುದಿಲ್ಲ. ಮಿಡಿಗೇಶಿ, ಐ.ಡಿ. ಹಳ್ಳಿ, ಬುಕ್ಕಾಪಟ್ಟಣ, ಹುಲಿಕುಂಟೆ, ಕೋಳಾಲ, ನಾಗಲಮಡಿಕೆ, ವೈ.ಎನ್. ಹೊಸಕೋಟೆ ಮುಂತಾದ ಕಡೆಗಳಿಗೆ ಸರಕಿನ ಗಾಡಿ ಹೋಗಿ, ಚಿಲ್ಲರೆ ಅಂಗಡಿಗಳ ಬಾಗಿಲಲ್ಲಿಯೇ ಮಾರಾಟ ಮಾಡಿ ಬರುವುದು ವಾಡಿಕೆ. ಇಂತಹ ಲೈನ್ ಮಾರಾಟದಲ್ಲಿ ಕೈಬರಹದ ಬಿಲ್ ಪುಸ್ತಕದ ಸ್ಥಾನಕ್ಕೆ ಈಗ ಟ್ಯಾಬ್ ಮತ್ತು ಚಿಕ್ಕ ಪ್ರಿಂಟರ್ ಬರುತ್ತಿವೆ. ಆದರೆ ಬೆಟ್ಟದ ಮರೆಯ ಊರುಗಳಲ್ಲಿ ಮೊಬೈಲ್ ಸಂಕೇತ ದೊರೆಯದಿದ್ದಾಗ, "ನೆಟ್ ಇಲ್ಲ, ಬಿಲ್ ನಾಳೆ ಕಳುಹಿಸುತ್ತೇವೆ" ಎಂದು ಹೇಳಿ ಸರಕನ್ನು ಇಳಿಸಿ ಬರುವ ಪದ್ಧತಿಯೂ ಅದರೊಂದಿಗೇ ಬೆಳೆಯುತ್ತಿದೆ.

ಈ ಪದ್ಧತಿಯಿಂದ ಎರಡು ಬಗೆಯ ಹಾನಿಯುಂಟು. ಉದ್ರಿ ವ್ಯವಹಾರದಲ್ಲಿ ಕೊಟ್ಟ ಮಾಲೆಷ್ಟು, ಬಂದ ಹಣವೆಷ್ಟು ಎಂಬುದಕ್ಕೆ ಸ್ಥಳದಲ್ಲಿಯೇ ಉಭಯತರರ ಕೈಸೇರಿದ ಕಾಗದಕ್ಕಿಂತ ಉತ್ತಮ ಸಾಕ್ಷಿ ಬೇರಿಲ್ಲ. ಮೂರು ತಿಂಗಳ ನಂತರ ಏಳುವ ತಕರಾರನ್ನು ನೆನಪಿನ ಬಲದಿಂದ ತೀರಿಸಲಾಗದು. ಇದಲ್ಲದೆ, ಇನ್‌ವಾಯ್ಸ್ ನೀಡದೆ ಸರಕು ಪೂರೈಸಿದಲ್ಲಿ ಸಿ.ಜಿ.ಎಸ್.ಟಿ. ಕಾಯಿದೆಯ 122ನೇ ಪ್ರಕರಣದ ಅನ್ವಯ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ತೆರಬೇಕಾಗುತ್ತದೆ. ರಾಜ್ಯದ ಕಾಯಿದೆಯಡಿ ಇಷ್ಟೇ ಮೊತ್ತ ಪ್ರತ್ಯೇಕವಾಗಿ ಬೀಳುತ್ತದೆ.

ವಸ್ತುಸ್ಥಿತಿಯೇನೆಂದರೆ, ಕಾಗದದ ಮೇಲೆ ಬಿಲ್ ಮುದ್ರಿಸಲು ಅಂತರ್ಜಾಲ ಬೇಕಿಲ್ಲ. ಅಂತರ್ಜಾಲ ಬೇಕಾಗುವ ಕೆಲಸಗಳು ಬೇರೆ ಇವೆ. ಇವೆರಡನ್ನೂ ಬೇರ್ಪಡಿಸಿ ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಬಾಗಿಲಿಗೇ ಬರುವ ನಿದರ್ಶನ

ವಿದ್ಯುತ್ ಮಾಪಕ ಓದಲು ಬರುವ ಸಿಬ್ಬಂದಿಯನ್ನು ಗಮನಿಸಿರಿ. 2002ರಲ್ಲಿ ಆರಂಭವಾದ ಬೆಸ್ಕಾಂನ ವ್ಯಾಪ್ತಿಗೆ ತುಮಕೂರು ಜಿಲ್ಲೆಯೂ ಸೇರಿದೆ. ಸ್ಥಳದಲ್ಲಿಯೇ ಬಿಲ್ ನೀಡುವ ಪದ್ಧತಿಯಲ್ಲಿ ಗ್ರಾಹಕರ ವಿವರ, ಹಿಂದಿನ ಮಾಪನ ಮತ್ತು ದರಗಳನ್ನು ಕೈಯಲ್ಲಿನ ಉಪಕರಣಕ್ಕೆ ಮೊದಲೇ ತುಂಬಿಸಲಾಗಿರುತ್ತದೆ. ಮನೆಯ ಮುಂದೆ ನಿಂತು ಇಂದಿನ ಅಂಕಿ ನಮೂದಿಸಿದೊಡನೆ ಲೆಕ್ಕವು ಉಪಕರಣದೊಳಗೇ ನಡೆಯುತ್ತದೆ. ಪಕ್ಕದ ಚಿಕ್ಕ ಪ್ರಿಂಟರ್ ಬಿಲ್ಲನ್ನು ಹೊರಹಾಕುತ್ತದೆ. ಸಂಗ್ರಹವಾದ ಅಂಕಿಗಳು ಆಮೇಲೆ ಕಚೇರಿಯ ಲೆಕ್ಕಕ್ಕೆ ಸೇರುತ್ತವೆ. ಬಸ್ಸಿನ ನಿರ್ವಾಹಕರು ಸಂಕೇತವಿಲ್ಲದ ದಾರಿಯಲ್ಲಿಯೂ ಯಂತ್ರದಿಂದ ಟಿಕೆಟ್ ಹರಿದುಕೊಡುವುದು ಇದೇ ತತ್ತ್ವದಿಂದ. ಬೆಳಿಗ್ಗೆ ತುಂಬಿಸು, ಹಗಲು ಮುದ್ರಿಸು, ಸಂಜೆ ಒಪ್ಪಿಸು ಎಂಬ ಈ ಮೂರು ಹಂತಗಳೇ ಲೈನ್ ಮಾರಾಟಕ್ಕೂ ಸಾಕು.

ವೈ-ಫೈ ಬೇರೆ, ಅಂತರ್ಜಾಲ ಬೇರೆ

ಅನೇಕರು ಈ ಎರಡನ್ನೂ ಒಂದೆಂದು ಭಾವಿಸುತ್ತಾರೆ. ವೈ-ಫೈ ಎಂಬುದು ಅಂಗಡಿಯಿಂದ ಗೋದಾಮಿಗೆ ಹೋಗುವ ಓಣಿ. ಅಂತರ್ಜಾಲವು ಊರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ. ಹೆದ್ದಾರಿ ಮುಚ್ಚಿದ ದಿನವೂ ಗೋದಾಮಿನ ಮೂಟೆಯನ್ನು ಓಣಿಯ ಮೂಲಕ ಅಂಗಡಿಗೆ ತರಬಹುದಷ್ಟೆ. ಅಂತೆಯೇ ಟ್ಯಾಬ್ ಮತ್ತು ಪ್ರಿಂಟರ್‌ಗಳ ನಡುವೆ ಒಂದು ಓಣಿ ಇದ್ದರೆ ಮುದ್ರಣ ಸಾಧ್ಯ. ಆ ಓಣಿಯು ಮೂರು ವಿಧ.

1. ಬ್ಲೂಟೂತ್: ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಬ್ಯಾಟರಿ ಚಾಲಿತ ಥರ್ಮಲ್ ಪ್ರಿಂಟರ್‌ಗಳಿಗೆ ಇದು ಸೂಕ್ತ. ಸುಮಾರು 10 ಮೀಟರ್ ಅಂತರದವರೆಗೆ ಕೆಲಸ ಮಾಡುತ್ತದೆ. ಮೊದಲ ಬಾರಿ ಜೋಡಿಸುವಾಗ ಕೇಳುವ ಗುಪ್ತಸಂಖ್ಯೆ ಸಾಮಾನ್ಯವಾಗಿ 0000 ಅಥವಾ 1234 ಇರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಹೊಂದುವ ಎಷ್ಟೋ ಅಗ್ಗದ ಪ್ರಿಂಟರ್‌ಗಳು ಐಪ್ಯಾಡ್‌ಗೆ ಹೊಂದುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ತಮ್ಮ ಟ್ಯಾಬ್‌ನೊಂದಿಗೇ ಪರೀಕ್ಷಿಸತಕ್ಕದ್ದು.

2. ನೇರ ವೈ-ಫೈ: ಕೆಲವು ಪ್ರಿಂಟರ್‌ಗಳು ತಾವೇ ಒಂದು ಕಿರುಜಾಲವನ್ನು ಹುಟ್ಟಿಸುತ್ತವೆ. ಟ್ಯಾಬ್‌ನ ವೈ-ಫೈ ಪಟ್ಟಿಯಲ್ಲಿ ಆ ಪ್ರಿಂಟರ್‌ನ ಹೆಸರನ್ನು ಆರಿಸಿ ಸೇರಿಕೊಳ್ಳಬೇಕು. ಸಿಮ್ ಇಲ್ಲದ ಸಾಧಾರಣ ರೂಟರ್ ಒಂದನ್ನು ಗಾಡಿಯಲ್ಲಿಟ್ಟು, ಟ್ಯಾಬ್ ಮತ್ತು ಪ್ರಿಂಟರ್ ಎರಡನ್ನೂ ಅದಕ್ಕೆ ಸೇರಿಸಿದರೂ ಫಲ ಒಂದೇ. ಎ4 ಅಳತೆಯ ಬಿಲ್ ಬೇಕೆನ್ನುವವರಿಗೆ ಇದು ಅನುಕೂಲ. ಆದರೆ ಲೇಸರ್ ಪ್ರಿಂಟರ್ ಬಿಸಿಯಾಗುವಾಗ ನೂರಾರು ವ್ಯಾಟ್ ವಿದ್ಯುತ್ ಎಳೆಯುವುದರಿಂದ ಗಾಡಿಯ ಚಿಕ್ಕ ಇನ್ವರ್ಟರ್‌ಗೆ ಅದು ಹೊರೆ; ಇಂಕ್‌ಜೆಟ್ ಲೇಸು.

3. ಯು.ಎಸ್.ಬಿ. ತಂತಿ: ಓ.ಟಿ.ಜಿ. ಜೋಡಣೆಯ ಮೂಲಕ ಟ್ಯಾಬ್‌ಗೆ ನೇರವಾಗಿ ಸಿಕ್ಕಿಸುವ ಕ್ರಮ. ನೋಟಕ್ಕೆ ಹಳೆಯದಾದರೂ, ಮೇಲಿನ ಎರಡೂ ಕೈಕೊಟ್ಟಾಗ ಇದೇ ಆಧಾರ. ತಂತಿಯೊಂದು ಚೀಲದಲ್ಲಿರಲಿ.

ಎರಡನೆಯ ಕ್ರಮದಲ್ಲಿ ಪದೇಪದೇ ಕಂಡುಬರುವ ತೊಡಕೊಂದಿದೆ. ಸೇರಿಕೊಂಡ ವೈ-ಫೈನಲ್ಲಿ ಅಂತರ್ಜಾಲವಿಲ್ಲವೆಂದು ತಿಳಿದೊಡನೆ ಆಂಡ್ರಾಯ್ಡ್ ಟ್ಯಾಬ್ "ಈ ಜಾಲದಲ್ಲಿ ಉಳಿಯಬೇಕೆ?" ಎಂಬರ್ಥದ ಪ್ರಶ್ನೆ ಕೇಳುತ್ತದೆ, ಇಲ್ಲವೇ ತಾನಾಗಿ ಮೊಬೈಲ್ ಡೇಟಾ ಕಡೆಗೆ ಹೊರಳುತ್ತದೆ. ಆಗ ಪ್ರಿಂಟರ್ ಕಣ್ಮರೆಯಾಗಿ, ಯಂತ್ರವೇ ಕೆಟ್ಟಿತೆಂದು ಭಾವಿಸುವಂತಾಗುತ್ತದೆ. ಉಳಿಯಬೇಕೆಂಬ ಉತ್ತರವನ್ನು ಆರಿಸಿ, ಮುದ್ರಣ ಮುಗಿಯುವವರೆಗೆ ಮೊಬೈಲ್ ಡೇಟಾ ಆರಿಸಿಟ್ಟರೆ ತೊಡಕು ಪರಿಹಾರವಾಗುತ್ತದೆ.

ಬಿಲ್ಲಿಂಗ್ ತಂತ್ರಾಂಶದ ಪರೀಕ್ಷೆ

ಓಣಿ ಸರಿಯಿದ್ದರೂ ತಂತ್ರಾಂಶವು ದೂರದ ಸರ್ವರ್‌ನ ಅಪ್ಪಣೆಗೆ ಕಾಯುವಂಥದಾದರೆ ಪ್ರಯೋಜನವಿಲ್ಲ. ಗೂಗಲ್ ಕಂಪನಿಯ ಕ್ಲೌಡ್ ಪ್ರಿಂಟ್ ಸೇವೆಯಲ್ಲಿ ಎದುರಿಗಿರುವ ಪ್ರಿಂಟರ್‌ಗೂ ಕಡತವು ಅಂತರ್ಜಾಲ ಸುತ್ತಿ ಬರಬೇಕಿತ್ತು. 2020ರ ಡಿಸೆಂಬರ್ 31ರಂದು ಆ ಸೇವೆಯೇ ನಿಂತುಹೋಯಿತು. ಪರರ ಸರ್ವರ್ ಅನ್ನು ನೆಚ್ಚಿದ ವ್ಯವಸ್ಥೆಗೆ ಈ ಅಪಾಯ ಸದಾ ಇರುತ್ತದೆ.

ಆದುದರಿಂದ ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ಮಾರಾಟಗಾರರ ಎದುರಿನಲ್ಲಿಯೇ ಟ್ಯಾಬ್ ಅನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬ್ಲೂಟೂತ್ ಅಥವಾ ವೈ-ಫೈ ಮಾತ್ರ ತೆರೆಯಿರಿ. ಟ್ಯಾಬ್ ಅನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿರಿ. ಅನಂತರ ಹತ್ತು ಬಿಲ್ ಮಾಡಿ ಮುದ್ರಿಸಿರಿ. ಒಳಪ್ರವೇಶಕ್ಕೆ ಅಡ್ಡಿಯಾದರೆ, ಹಳೆಯ ಬಾಕಿ ಕಾಣದಿದ್ದರೆ, ಬಿಲ್ ಸಂಖ್ಯೆ ಬಾರದಿದ್ದರೆ, ಆ ತಂತ್ರಾಂಶ ಲೈನ್ ಮಾರಾಟಕ್ಕೆ ಒದಗದು.

ಸಂಖ್ಯೆ, ದರ, ದಿನಾಂಕ

ಜಿ.ಎಸ್.ಟಿ. ನಿಯಮ 46ರ ಪ್ರಕಾರ ಇನ್‌ವಾಯ್ಸ್ ಸಂಖ್ಯೆಯು 16 ಅಕ್ಷರ ಮೀರದೆ, ಅನುಕ್ರಮವಾಗಿದ್ದು, ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆ ಆಗಕೂಡದು. ಎರಡು ಗಾಡಿಗಳು ಸಂಪರ್ಕವಿಲ್ಲದೆ ಬೇರೆ ಬೇರೆ ಕಡೆ ಬಿಲ್ ಮಾಡಿದಾಗ ಎರಡಕ್ಕೂ 101ನೇ ಸಂಖ್ಯೆ ಬೀಳುವ ಸಂಭವ ಹೆಚ್ಚು. ಇದಕ್ಕೆ ಪರಿಹಾರ ನಿಯಮದಲ್ಲಿಯೇ ಇದೆ: ಒಂದಕ್ಕಿಂತ ಹೆಚ್ಚು ಸಂಖ್ಯಾಸರಣಿಗಳಿಗೆ ಅವಕಾಶವಿದೆ. ಮಧುಗಿರಿ ಲೈನಿಗೆ 1/2526/0001, ಪಾವಗಡ ಲೈನಿಗೆ 2/2526/0001 ಎಂಬಂತೆ ಟ್ಯಾಬ್‌ಗೊಂದು ಸರಣಿ ಇಟ್ಟರೆ ಗೊಂದಲವಿಲ್ಲ. ಮುದ್ರಿತ ಬಿಲ್ಲಿಗೆ ಸಹಿ ಬೇಕಾದ್ದರಿಂದ ಗಾಡಿಯಲ್ಲಿ ಹೋಗುವವರಿಗೆ ಸಹಿಯ ಅಧಿಕಾರವನ್ನು ಬರಹದಲ್ಲಿ ಕೊಟ್ಟಿರುವುದು ಕ್ಷೇಮ. ಸರಕಿನ ಇನ್‌ವಾಯ್ಸ್ ಮೂರು ಪ್ರತಿಗಳಲ್ಲಿರಬೇಕು: ಕೊಳ್ಳುವವರಿಗೆ, ಸಾಗಿಸುವವರಿಗೆ ಮತ್ತು ಪೂರೈಸುವವರಿಗೆ.

ತೆರಿಗೆ ದರದ ವಿಷಯದಲ್ಲಿಯೂ ಎಚ್ಚರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ಬಹಳಷ್ಟು ಸರಕುಗಳ ದರ ಬದಲಾಯಿತು. ಹನಿ ನೀರಾವರಿ ಸಲಕರಣೆಗಳ ದರ ಶೇಕಡ 12ರಿಂದ 5ಕ್ಕೆ ಇಳಿಯಿತು. ಅಂತರ್ಜಾಲಕ್ಕೆ ಸೇರದ ಟ್ಯಾಬ್ ಹಳೆಯ ದರವನ್ನೇ ನಂಬಿ ಮುದ್ರಿಸುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ದರಪಟ್ಟಿ ನವೀಕರಿಸುವುದು, ಟ್ಯಾಬ್‌ನ ದಿನಾಂಕ ಸರಿಯಿದೆಯೇ ಎಂದು ನೋಡುವುದು ನಿತ್ಯಕ್ರಮವಾಗಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರು ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ ಅವರ ಟ್ಯಾಬ್ 'ಬಿಲ್ ಆಫ್ ಸಪ್ಲೈ' ಮುದ್ರಿಸುವಂತಿರಬೇಕು.

ಅಂತರ್ಜಾಲ ಬೇಕೇಬೇಕಾದ ಕೆಲಸಗಳು

ಇ-ವೇ ಬಿಲ್: ಸಾಗಿಸುವ ಸರಕಿನ ಮೌಲ್ಯ 50,000 ರೂಪಾಯಿ ಮೀರಿದಲ್ಲಿ ಗಾಡಿ ಹೊರಡುವ ಮುನ್ನವೇ ಪೋರ್ಟಲ್‌ನಲ್ಲಿ ಇದನ್ನು ಪಡೆಯತಕ್ಕದ್ದು. ಯಾವ ಅಂಗಡಿಗೆ ಎಷ್ಟು ಮಾಲು ಎಂಬುದು ಹೊರಡುವಾಗ ತಿಳಿಯದಿದ್ದರೆ ನಿಯಮ 55ರ ಪ್ರಕಾರ ಡೆಲಿವರಿ ಚಲನ್ ಮೂರು ಪ್ರತಿಗಳಲ್ಲಿ ಮಾಡಿ, ಅಗತ್ಯವಿದ್ದಲ್ಲಿ ಇ-ವೇ ಬಿಲ್ ಜೊತೆಗಿಟ್ಟುಕೊಂಡು ಹೊರಡಬಹುದು. ಮಾಲು ಇಳಿಸಿದಾಗ ಇನ್‌ವಾಯ್ಸ್ ಕೊಡಬಹುದು. ಒಪ್ಪಿಗೆಯ ಮೇರೆಗೆ ಮಾರಲು ಒಯ್ಯುವ ಸರಕಿನ ಬಗ್ಗೆ 2017ರ ಅಕ್ಟೋಬರ್ 18ರ ಕೇಂದ್ರ ಸುತ್ತೋಲೆಯೂ ಇದೇ ಕ್ರಮವನ್ನು ಸ್ಪಷ್ಟಪಡಿಸಿದೆ. ದಾಖಲೆಯಿಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದರೆ, ತೆರಿಗೆ ಬೀಳುವ ಸರಕಿಗೆ ಮಾಲೀಕರು ಮುಂದೆ ಬಂದರೂ 129ನೇ ಪ್ರಕರಣದಡಿ ತೆರಿಗೆಯ ಶೇಕಡ 200ರಷ್ಟು ದಂಡ ಕಟ್ಟಬೇಕಾಗುತ್ತದೆ.

ಇ-ಇನ್‌ವಾಯ್ಸ್: ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇದು ಕಡ್ಡಾಯ. ಅಂಥವರು ನೋಂದಾಯಿತ ವರ್ತಕರಿಗೆ ಕೊಡುವ ಇನ್‌ವಾಯ್ಸ್‌ಗೆ ಪೋರ್ಟಲ್‌ನಿಂದ ನೋಂದಣಿ ಸಂಖ್ಯೆ ಪಡೆಯದಿದ್ದಲ್ಲಿ ಅದು ಇನ್‌ವಾಯ್ಸ್ ಎನಿಸುವುದೇ ಇಲ್ಲ. ಇಂಥ ಸಂಸ್ಥೆಗಳು ಸಂಕೇತವಿಲ್ಲದ ಊರಿನಲ್ಲಿ ಚಲನ್ ಮಾತ್ರ ಮುದ್ರಿಸಿಕೊಟ್ಟು, ಸಂಕೇತ ಸಿಕ್ಕೊಡನೆ ಅಂದೇ ಇ-ಇನ್‌ವಾಯ್ಸ್ ಮಾಡುವ ಕ್ರಮವನ್ನು ತಮ್ಮ ತೆರಿಗೆ ಸಲಹೆಗಾರರೊಂದಿಗೆ ಚರ್ಚಿಸಿ ನಿಶ್ಚಯಿಸಿಕೊಳ್ಳಬೇಕು. ನೋಂದಣಿಯಿಲ್ಲದ ಗ್ರಾಹಕರಿಗೆ ಕೊಡುವ ಬಿಲ್ಲಿಗೆ ಈ ನಿರ್ಬಂಧವಿಲ್ಲ.

ಪಾವಗಡದ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರಪ್ರದೇಶದ್ದು. ಮಡಕಶಿರಾ ಕಡೆಯ ಅಂಗಡಿಗೆ ಮಾಲು ಹಾಕಿದರೆ ಅದು ಅಂತರರಾಜ್ಯ ಪೂರೈಕೆ. ಟ್ಯಾಬ್ ಆಗ ಐ.ಜಿ.ಎಸ್.ಟಿ. ಲೆಕ್ಕ ಹಾಕಬೇಕು. ಕಾಂಪೋಸಿಷನ್ ವರ್ತಕರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆ ಉತ್ಪಾದಕರು ನೂಲನ್ನು ಕೂಲಿ ನೇಯ್ಗೆಗೆ ಕಳುಹಿಸುವಾಗ ಚಲನ್ ಮುದ್ರಿಸಿದರೆ ಸಾಕು. ಆದರೆ ಮಗ್ಗವು ಗಡಿಯಾಚೆ ಇದ್ದಲ್ಲಿ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ ಬೇಕು. ಕಳುಹಿಸಿದ ನೂಲು ಒಂದು ವರ್ಷದೊಳಗೆ ಲೆಕ್ಕಕ್ಕೆ ಮರಳಬೇಕಾದ್ದರಿಂದ ಚಲನ್‌ನ ದಿನಾಂಕವೇ ಅಲ್ಲಿ ಮುಖ್ಯ ಆಧಾರ.

ಕನ್ನಡದಲ್ಲಿ ಮುದ್ರಣ

ಹಳ್ಳಿಯ ಅಂಗಡಿಯವರು ತಾವೇ ಓದಿ ತಾಳೆ ನೋಡುವಂತಿರಬೇಕಾದರೆ ಬಿಲ್ ಕನ್ನಡದಲ್ಲಿರಬೇಕು. ಆದರೆ ಬಹುತೇಕ ಚಿಕ್ಕ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರಗಳಿರುವುದಿಲ್ಲ. ನೇರವಾಗಿ ಕಳುಹಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ತಂತ್ರಾಂಶವು ಬಿಲ್ಲನ್ನು ಚಿತ್ರವಾಗಿ ಮಾರ್ಪಡಿಸಿ ಕಳುಹಿಸುವಂತಿದ್ದರೆ ಮಾತ್ರ ಅಕ್ಷರಗಳು ಸರಿಯಾಗಿ ಮೂಡುತ್ತವೆ. 58 ಮಿ.ಮೀ. ಕಾಗದದಲ್ಲಿ ಮುದ್ರಣದ ಅಗಲ 48 ಮಿ.ಮೀ., ಅಂದರೆ 384 ಚುಕ್ಕೆಗಳು, 80 ಮಿ.ಮೀ. ಕಾಗದದಲ್ಲಿ 72 ಮಿ.ಮೀ., ಅಂದರೆ 576 ಚುಕ್ಕೆಗಳು. ಒತ್ತಕ್ಷರಗಳಿಗೆ ಎಡೆ ಬೇಕಾದ್ದರಿಂದ ಕನ್ನಡ ಬಿಲ್ಲಿಗೆ 80 ಮಿ.ಮೀ. ಪ್ರಿಂಟರ್ ಉತ್ತಮ. ಹಳೆಯ ಗಣಕದಲ್ಲಿ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸರಕಿನ ಪಟ್ಟಿ ಇದ್ದಲ್ಲಿ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಟ್ಯಾಬ್‌ಗೆ ತುಂಬಿಸಬೇಕು.

ಕಾಗದ ಅಳಿಸಿದರೂ ಲೆಕ್ಕ ಉಳಿಯಬೇಕು

ಥರ್ಮಲ್ ಕಾಗದದಲ್ಲಿ ಶಾಯಿಯಿಲ್ಲ. ಶಾಖಕ್ಕೆ ಕಪ್ಪಾಗುವ ಲೇಪನ ಮಾತ್ರ ಇರುತ್ತದೆ. ಬಿಸಿಲಿಗೆ ನಿಂತ ಗಾಡಿಯ ಮುಂಭಾಗದಲ್ಲಿಟ್ಟರೆ ಕಾಗದವೇ ಕಪ್ಪಾಗಬಹುದು. ಬೆಳಕಿಗೆ, ಎಣ್ಣೆಯ ಕೈಗೆ, ಕೆಲವು ಪ್ಲಾಸ್ಟಿಕ್ ಹೊದಿಕೆಗಳಿಗೆ ಅಕ್ಷರ ಮಾಸುತ್ತದೆ. ಕಡಲೆಕಾಯಿ ಎಣ್ಣೆಯ ವ್ಯಾಪಾರಿಗಳು ಇದನ್ನು ಮರೆಯಬಾರದು. ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ಕಾಯಿದೆಯ 36ನೇ ಪ್ರಕರಣ ವಿಧಿಸುತ್ತದೆ. ಥರ್ಮಲ್ ಚೀಟಿ ಅಷ್ಟು ಕಾಲ ಉಳಿಯುವ ಭರವಸೆಯಿಲ್ಲ. ಆದುದರಿಂದ ಸಂಜೆ ಗಾಡಿ ಮರಳಿದೊಡನೆ ಟ್ಯಾಬ್‌ನ ದಾಖಲೆಗಳನ್ನು ಅಂಗಡಿಯ ಗಣಕಕ್ಕೆ ಇಳಿಸಿ, ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು. ಟ್ಯಾಬ್ ಕಳೆದರೆ ಅಥವಾ ಒಡೆದರೆ ಅಂದಿನ ಉದ್ರಿಯ ಲೆಕ್ಕವೂ ಹೋದಂತೆಯೇ. ಇದಲ್ಲದೆ, ಅಂದಿನ ಬಿಲ್ಲುಗಳು ತಮ್ಮ ಜಿ.ಎಸ್.ಟಿ.ಆರ್.-1ರಲ್ಲಿ ಸೇರದಿದ್ದರೆ ಕೊಂಡವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಚೀಟಿ ಅವರ ಕೈಯಲ್ಲಿದ್ದರೂ ಫಲವಿಲ್ಲ.

ಗಾಡಿ ಹೊರಡುವ ಮುನ್ನ

1. ದರಪಟ್ಟಿ, ದಾಸ್ತಾನು, ಗ್ರಾಹಕರ ಬಾಕಿ ಟ್ಯಾಬ್‌ಗೆ ತುಂಬಿದೆಯೇ?
2. ದಿನಾಂಕ ಮತ್ತು ಬಿಲ್ ಸರಣಿ ಸರಿಯಿದೆಯೇ?
3. ಚಲನ್ ಮತ್ತು ಅಗತ್ಯವಿದ್ದಲ್ಲಿ ಇ-ವೇ ಬಿಲ್ ಕಾಗದದ ರೂಪದಲ್ಲಿ ಜೊತೆಗಿದೆಯೇ?
4. ಟ್ಯಾಬ್, ಪ್ರಿಂಟರ್ ಎರಡರ ಬ್ಯಾಟರಿ ತುಂಬಿದೆಯೇ? ಹೆಚ್ಚುವರಿ ಕಾಗದದ ಸುರುಳಿ, ಯು.ಎಸ್.ಬಿ. ತಂತಿ ಇವೆಯೇ?
5. ಫ್ಲೈಟ್ ಮೋಡ್‌ನಲ್ಲಿ ಪರೀಕ್ಷೆಯ ಚೀಟಿಯೊಂದು ಮುದ್ರಣವಾಯಿತೇ?
6. ಯಂತ್ರ ಕೈಕೊಟ್ಟಲ್ಲಿ ಬಳಸಲು ಪ್ರತ್ಯೇಕ ಸರಣಿಯ ಕೈಬರಹದ ಬಿಲ್ ಪುಸ್ತಕ ಗಾಡಿಯಲ್ಲಿದೆಯೇ?

ಈ ಆರೂ ಪ್ರಶ್ನೆಗಳನ್ನು ಕಾಗದದಲ್ಲಿ ಬರೆಸಿ ಗಾಡಿಯ ಬಾಗಿಲಿಗೆ ಅಂಟಿಸಿ, ಪ್ರತಿದಿನ ಚಾಲಕರೂ ಮಾರಾಟದ ಹುಡುಗರೂ ಕೂಡಿ ನೋಡಿಕೊಳ್ಳುವಂತೆ ಏರ್ಪಾಡು ಮಾಡಿದಲ್ಲಿ, ಸಂಕೇತ ಸಿಗದ ಊರಿನಲ್ಲಿಯೂ ಮಾಲು ಇಳಿಸಿದ ಗಳಿಗೆಯಲ್ಲಿಯೇ ಬಿಲ್ ಗ್ರಾಹಕರ ಕೈಸೇರುತ್ತದೆ.